ಆರು ಪ್ರಾಣಿಗಳ ಚಿತ್ರದಲ್ಲಿ ಬೆಕ್ಕು ನಾನಂತೆ! ಪೆರು ದೇಶದ 400 ವರ್ಷ ಹಳೆಯ ಅರ್ಜಿ ಬಗ್ಗೆ ಗೊತ್ತಿದ್ದವರು ಹೇಳಿ

ಕೊಪ್ಪಳದ ಅರ್ಜಿಕಾರ:

ಎಲ್ಲರಿಗೂ ಶರಣು. ನಾನು ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಕಚೇರಿ ಹೊರಗೆ, ಬೇವಿನ ಮರದ ಕೆಳಗೆ ಟೇಬಲ್ ಹಾಕಿಕೊಂಡು ಅರ್ಜಿ ಬರೆಯುತ್ತೇನೆ. ಇಪ್ಪತ್ತೆಂಟು ವರ್ಷ ಆಯಿತು. ಪಹಣಿ ತಿದ್ದುಪಡಿ, ವಾರಸಾ, ಪೋಡಿ, ವಿಧವಾ ವೇತನ, ಬೆಳೆ ಪರಿಹಾರ, ಯಾವುದು ಬೇಕಾದರೂ ಕೇಳಿ, ಕಣ್ಣು ಮುಚ್ಚಿಕೊಂಡು ಬರೆಯುತ್ತೇನೆ. ಇತಿಹಾಸ ಮಾತ್ರ ಕೇಳಬೇಡಿ. ಅದು ಮಗಳ ವಿಷಯ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಳೆ.

ಮೊನ್ನೆ ಅವಳು ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿ, "ಅಪ್ಪಾ, ಇದರಲ್ಲಿ ನೀನೂ ಇದ್ದೀ, ಹುಡುಕು" ಅಂತ ಬರೆದಳು. ಮಸಿಯಲ್ಲಿ ಬರೆದ ಹಳೆ ಚಿತ್ರ. ನಡುವೆ ಒಬ್ಬ ಬಡವ ಮಂಡಿಯೂರಿ ಕೈ ಮುಗಿದಿದ್ದಾನೆ. ಸುತ್ತ ಆರು ಪ್ರಾಣಿ: ಸರ್ಪ, ಹುಲಿ, ಸಿಂಹ, ನರಿ, ಬೆಕ್ಕು, ಇಲಿ. ಎಲ್ಲದರ ಕಣ್ಣೂ ಅವನ ಮೇಲೆ. ಒಂದೊಂದರ ಹತ್ತಿರವೂ ಏನೋ ಬರೆದಿದೆ. ನನಗೆ ಆ ಭಾಷೆ ಬರುವುದಿಲ್ಲ, ಮಗಳೇ ಬಿಡಿಸಿ ಹೇಳಿದಳು. ಸರ್ಪ ಅಂದರೆ ಆ ಸೀಮೆಯ ದೊಡ್ಡ ಅಧಿಕಾರಿ. ಹುಲಿ ಅಂದರೆ ದಾರಿ ಛತ್ರಗಳಲ್ಲಿ ಬೀಡುಬಿಟ್ಟ ಸ್ಪೇನಿನವರು. ಸಿಂಹ ಅಂದರೆ ಊರಿಗೆ ಊರನ್ನೇ ಜನರ ಸಮೇತ ರಾಜನಿಂದ ಪಡೆದ ಧಣಿ. ನರಿ ಪಾದ್ರಿ. ಇಲಿ ಆ ಜನರದೇ ಊರ ಮುಖ್ಯಸ್ಥ. ಮತ್ತೆ ಬೆಕ್ಕು? ಕಚೇರಿಯಲ್ಲಿ ಕಾಗದ ಬರೆಯುವವನು!

ಮಗಳು ನಕ್ಕಳು, ನಾನೂ ನಕ್ಕೆ. ಆದರೆ ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಈ ಚಿತ್ರ ಬರೆದವನು ಸ್ಪೇನ್ ರಾಜನಿಗೆ ಸುಮಾರು 1200 ಪುಟದ ಅರ್ಜಿ ಬರೆದನಂತೆ. ನಾನು ಬರೆದದ್ದರಲ್ಲಿ ಅತಿ ಉದ್ದದ್ದು ಹನ್ನೊಂದು ಪುಟ, ಅಣ್ಣತಮ್ಮಂದಿರ ಬಾವಿ ಜಗಳ. ಅದನ್ನು ತೆಗೆದುಕೊಂಡವರು "ಏನ್ರೀ, ಪುರಾಣ ಹೊತ್ಕೊಂಡ್ ಬಂದೀರಿ" ಅಂದಿದ್ದರು. ನನಗೆ ಕೆಲಸ ಕಲಿಸಿದ ಚಾಚಾ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಅರ್ಜಿ ಬರೆದು, 1956ರ ನಂತರ ಕನ್ನಡಕ್ಕೆ ಬಂದವರು. ಅವರು ಕಲಿಸಿದ್ದು ಇಷ್ಟೇ: ಅರ್ಜಿಯಲ್ಲಿ ಅಳಬೇಡ, ಬೈಯಬೇಡ. ತಾರೀಖು ಬರೆ, ಸರ್ವೆ ನಂಬರ್ ಬರೆ, ಎಷ್ಟು ಸಲ ಅಲೆದ ಅಂತ ಬರೆ. ಅಂಥದ್ದರಲ್ಲಿ 1200 ಪುಟ!

ಯಾರು ಈ ಮನುಷ್ಯ? ರಾಜ ಓದಿದನಾ? ಬರಹಗಾರರು ನಿಜವಾಗಿ ಅಷ್ಟು ಕೆಟ್ಟವರಿದ್ದರಾ? ಮಗಳನ್ನು ಕೇಳಿದರೆ "ಪರೀಕ್ಷೆ ಐತಿ ಅಪ್ಪಾ" ಅಂತಾಳೆ.

ಬಳ್ಳಾರಿ ಮೇಷ್ಟ್ರು:

ಅರ್ಜಿಕಾರರೇ, ಒಳ್ಳೆ ಚಿತ್ರ ಸಿಕ್ಕಿದೆ ನಿಮಗೆ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಈ ಮನುಷ್ಯ ಅಂದರೆ ನನಗೆ ಮೊದಲಿನಿಂದ ಒಂಥರಾ ಪ್ರೀತಿ.

ಹೆಸರು ಫೆಲಿಪೆ ಗುವಾಮನ್ ಪೋಮಾ ದೆ ಅಯಾಲಾ. ಗುವಾಮನ್ ಅಂದರೆ ಅವರ ಕೆಚುವಾ ಭಾಷೆಯಲ್ಲಿ ಗಿಡುಗ, ಪೋಮಾ ಅಂದರೆ ಪೂಮಾ, ಆ ಬೆಟ್ಟಗಳ ದೊಡ್ಡ ಕಾಡುಬೆಕ್ಕು. (ನೋಡಿ, ಅವನ ಹೆಸರಲ್ಲೂ ಒಂದು ಬೆಕ್ಕಿದೆ, ಸಮಾಧಾನ ಮಾಡಿಕೊಳ್ಳಿ.) ಪೆರುವಿನ ದಕ್ಷಿಣ ಭಾಗದವನು. 1532ರಲ್ಲಿ ಸ್ಪೇನಿನ ದಂಡನಾಯಕ ಪಿಸಾರೊ ಕಾಹಾಮಾರ್ಕಾ ಊರಿನಲ್ಲಿ ಆ ಸೀಮೆ ಆಳುತ್ತಿದ್ದ ಇಂಕಾ ದೊರೆ ಅತಾವಾಲ್ಪನನ್ನು ಹಿಡಿದನಲ್ಲ, ಅದರ ನಂತರ ಹುಟ್ಟಿದ ತಲೆಮಾರು. ಹಳೆಯ ರಾಜ್ಯದ ಕಥೆ ಹಿರಿಯರ ಬಾಯಲ್ಲಿ ಕೇಳಿದ, ಹೊಸ ರಾಜ್ಯವನ್ನು ಬೆನ್ನ ಮೇಲೆ ಕಂಡ.

ಬೆನ್ನ ಮೇಲೆ ಅಂತ ಸುಮ್ನೆ ಹೇಳಲಿಲ್ಲ. ಅವನು ಸ್ಪ್ಯಾನಿಷ್ ಕಲಿತು, ಚರ್ಚಿನ ತನಿಖಾಧಿಕಾರಿ ಕ್ರಿಸ್ತೋಬಲ್ ದೆ ಅಲ್ಬೊರ್ನೋಸ್ ಜೊತೆ ಓಡಾಡಿದ. ಊರೂರಿನ ಹಳೆ ದೇವರುಗಳನ್ನು ಹುಡುಕಿ ಒಡೆಸುವ ಕೆಲಸ ಅದು. ಅಂದರೆ ಮೊದಲು ಟೇಬಲ್ಲಿನ ಆ ಕಡೆ ಕೂತವನೇ. ಆಮೇಲೆ ಉವಾಮಾಂಗಾ ಊರಿನ ಹತ್ತಿರ, ಚೂಪಾಸ್ ಅನ್ನುವ ಕಡೆ ತನ್ನ ಕುಟುಂಬದ ಜಮೀನು ಅಂತ ವರ್ಷಗಟ್ಟಲೆ ದಾವೆ ಹಾಕಿದ. ಸೋತ. ಬರೀ ಸೋಲಲ್ಲ, ಮುಖ್ಯಸ್ಥ ಅಲ್ಲದಿದ್ದರೂ ಮುಖ್ಯಸ್ಥ ಅಂತ ಹೇಳಿಕೊಂಡ ಅಂತ ಆರೋಪ ಹೊರಿಸಿ, 1600ರ ಡಿಸೆಂಬರ್‌ನಲ್ಲಿ 200 ಛಡಿ ಏಟು, ಎರಡು ವರ್ಷ ಗಡಿಪಾರು ಅಂತ ತೀರ್ಪು ಬಂತು. ಜಮೀನು ಕೇಳಲು ಹೋದವನಿಗೆ!

ಆಮೇಲೆ ಹುಟ್ಟಿದ್ದು ನಿಮ್ಮ 1200 ಪುಟ. ಸರಿಯಾಗಿ ಹೇಳಬೇಕೆಂದರೆ 1189 ಪುಟ, ಅದರಲ್ಲಿ 398 ಪೂರ್ತಿ ಪುಟದ ಚಿತ್ರಗಳು. ಮೊದಲ ಭಾಗ ಇಂಕಾಗಳ ಕಥೆ, ಎರಡನೇ ಭಾಗ ಈಗಿನ ಆಡಳಿತ ಹೇಗಿದೆ, ಹೇಗಿರಬೇಕಿತ್ತು ಅಂತ. ಸ್ಪ್ಯಾನಿಷ್‌ನಲ್ಲೇ ಬರೆದಿದ್ದಾನೆ, ನಡುನಡುವೆ ಕೆಚುವಾ ನುಗ್ಗುತ್ತದೆ. ನಿಮ್ಮ ಚಾಚಾ ಉರ್ದು ಅರ್ಜಿಯಲ್ಲೂ ಕನ್ನಡ ನುಗ್ಗಿರಬೇಕು, ಅಲ್ವಾ? 1615ರಲ್ಲಿ ಮೂರನೇ ಫಿಲಿಪ್ ರಾಜನಿಗೆ "ಬರೆದು ಮುಗಿಸಿದ್ದೇನೆ" ಅಂತ ಬೇರೆ ಒಂದು ಪತ್ರವನ್ನೂ ಹಾಕಿದ.

ಅದರಲ್ಲಿ ಒಂದು ಅಧ್ಯಾಯ ನನಗೆ ಬಹಳ ಇಷ್ಟ. ರಾಜ ಇವನನ್ನು ಪ್ರಶ್ನೆ ಕೇಳುತ್ತಾನೆ, ಇವನು ಉತ್ತರ ಕೊಡುತ್ತಾನೆ. ನಮ್ಮ ಜನ ಯಾಕೆ ಸಾಯುತ್ತಿದ್ದಾರೆ, ಮತ್ತೆ ಹೇಗೆ ಹೆಚ್ಚಾಗುತ್ತಾರೆ, ಗಣಿಯಲ್ಲಿ ಏನಾಗುತ್ತಿದೆ ಅಂತೆಲ್ಲ. ಆ ಭೇಟಿ ಆಗಲೇ ಇಲ್ಲ. ರಾಜನ ಪ್ರಶ್ನೆಗಳನ್ನೂ ಇವನೇ ಬರೆದುಕೊಂಡ.

ರಾಜ ಓದಿದನಾ ಅಂದಿರಿ. ಉತ್ತರ ಬಂದ ದಾಖಲೆ ಎಲ್ಲೂ ಇಲ್ಲ. ಮ್ಯಾಡ್ರಿಡ್‌ಗೆ ಹೊರಟ ಅರ್ಜಿ 1908ರಲ್ಲಿ ಎಲ್ಲಿ ಸಿಕ್ಕಿತು ಗೊತ್ತೇ? ಡೆನ್ಮಾರ್ಕಿನಲ್ಲಿ, ಕೋಪನ್‌ಹೇಗನ್‌ನ ರಾಜ ಗ್ರಂಥಾಲಯದಲ್ಲಿ. ರಿಚರ್ಡ್ ಪೀಚ್ಮನ್ ಅನ್ನುವ ಜರ್ಮನ್ ವಿದ್ವಾಂಸನ ಕಣ್ಣಿಗೆ ಬಿತ್ತು. 1936ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾಯಿತು. ಈಗ ಪೂರ್ತಿ ಆ ಗ್ರಂಥಾಲಯದ ಜಾಲತಾಣದಲ್ಲೇ ಪುಟ ಪುಟವಾಗಿ ನೋಡಬಹುದು.

ಗಂಗಾವತಿ ಸೋನಾಮಸೂರಿ:

1615ರಿಂದ 1908, ಅಂದರೆ 293 ವರ್ಷ. ನಮ್ಮಪ್ಪನ ಪೋಡಿ ಅರ್ಜಿಗೆ ಇನ್ನೂ ಟೈಮ್ ಐತಿ ಬಿಡ್ರಿ.

ಮೂರನೇ ಪಾಳಿ, ಹಟ್ಟಿ:

ನಾನು ಲಿಂಗಸುಗೂರು ತಾಲ್ಲೂಕಿನವನು. ಹಟ್ಟಿ ಚಿನ್ನದ ಗಣಿಯಲ್ಲಿ ನೆಲದ ಕೆಳಗೆ 33 ವರ್ಷ. ಮೇಷ್ಟ್ರು "ಗಣಿಯಲ್ಲಿ ಏನಾಗುತ್ತಿದೆ" ಅಂತ ಒಂದು ಮಾತಲ್ಲಿ ದಾಟಿಬಿಟ್ಟರು. ಅಲ್ಲಿ ನಿಲ್ಲಬೇಕು.

ಇಂಕಾ ಕಾಲದಲ್ಲಿ "ಮೀತ" ಅಂತ ಒಂದು ಪದ್ಧತಿ ಇತ್ತು. ಮೀತ ಅಂದರೆ ಸರದಿ. ನಾವು ಗಣಿಯವರು ಇದನ್ನೇ ಪಾಳಿ ಅನ್ನುತ್ತೇವೆ. ಪ್ರತಿ ಊರಿನವರು ತಮ್ಮ ಪಾಳಿ ಬಂದಾಗ ರಸ್ತೆ, ಸೇತುವೆ, ಹೊಲ ಅಂತ ದುಡಿಯಬೇಕು. ಆ ದಿನಗಳಲ್ಲಿ ಊಟ, ಮೆಕ್ಕೆಜೋಳದ ಕಳ್ಳು ದೊರೆಯ ಕಡೆಯಿಂದ. 1545ರಲ್ಲಿ ಈಗಿನ ಬೊಲಿವಿಯಾದ ಪೊಟೊಸಿ ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತು. 1570ರ ದಶಕದಲ್ಲಿ ವೈಸರಾಯ್ ತೊಲೆದೊ ಅದೇ ಪದ ಇಟ್ಟುಕೊಂಡು ಒಳಗಿನ ಅರ್ಥ ಬದಲಿಸಿದ. ಏಳು ಗಂಡಸರಲ್ಲಿ ಒಬ್ಬ ಪೊಟೊಸಿಗೆ. ವರ್ಷಕ್ಕೆ ಸುಮಾರು 13,500 ಜನ. ಟಿಟಿಕಾಕಾ ಸರೋವರದ ಕಡೆಯಿಂದ ಹೆಂಡತಿ ಮಕ್ಕಳು, ಲಾಮಾ ಅನ್ನುವ ಹೊರೆ ಪ್ರಾಣಿಗಳ ಮೇಲೆ ಸಾಮಾನು ಹೇರಿಕೊಂಡು ಹೊರಟವರಿಗೆ ದಾರಿಯೇ ಎರಡು ತಿಂಗಳು. ತಲುಪಿದ ಊರು 4,000 ಮೀಟರ್ ಎತ್ತರದಲ್ಲಿ. ಒಂದು ವಾರ ಕೆಲಸ, ಎರಡು ವಾರ ವಿಶ್ರಾಂತಿ ಅಂತ ಕಾಗದದಲ್ಲಿತ್ತು. ಕಾಗದದಲ್ಲಿ.

ನನಗೆ ಮರೆಯದ ಒಂದು ವಿವರ ಇದೆ. ಆ ಕಾಲದಲ್ಲಿ ಪೊಟೊಸಿ ಬಗ್ಗೆ ಬರೆದ ಅಕೋಸ್ತಾ ಅನ್ನುವ ಪಾದ್ರಿ ಹೇಳುತ್ತಾನೆ: ಏಣಿಗಳು ಹಸಿ ಚರ್ಮದ ಹಗ್ಗದವು, ಅಡ್ಡಕ್ಕೆ ಕಟ್ಟಿಗೆ. ಒಂದು ಕಡೆ ಹತ್ತುವವರು, ಇನ್ನೊಂದು ಕಡೆ ಇಳಿಯುವವರು. ಬೆನ್ನಿಗೆ ಕಂಬಳಿಯಲ್ಲಿ ಕಟ್ಟಿದ ಅದಿರು, 20 ಕಿಲೋಗೂ ಜಾಸ್ತಿ. ಮೂವರು ಮೂವರಾಗಿ ಹತ್ತುತ್ತಾರೆ. ಮುಂದಿನವನ ಹೆಬ್ಬೆರಳಿಗೆ ಒಂದು ಮೇಣದಬತ್ತಿ ಕಟ್ಟಿರುತ್ತದೆ, ಏಣಿ ಹಿಡಿಯಲು ಎರಡೂ ಕೈ ಬೇಕಲ್ಲ, ಅದಕ್ಕೆ. ನಮಗೆ ಹೆಲ್ಮೆಟ್ಟಿನ ಮೇಲೆ ಲ್ಯಾಂಪ್ ಇತ್ತು, ಇಳಿದು ಹತ್ತಲು ಕೇಜ್ ಅನ್ನುವ ಲಿಫ್ಟ್ ಇತ್ತು, ಗಾಳಿಗೆ ಫ್ಯಾನ್ ಇತ್ತು. ಆದರೂ ಮೊದಲ ಸಲ ಕೇಜ್ ಇಳಿದ ದಿನ ನನ್ನ ಕಾಲು ನಡುಗಿದ್ದು ನನಗೆ ಗೊತ್ತು. ಆ ಮೇಣದ ಬಿಸಿ ಹನಿ ಬೆರಳ ಮೇಲೆ ಬೀಳುವಾಗ ಕೈ ಬಿಡುವ ಹಾಗಿಲ್ಲ, ಅದನ್ನು ನೆನೆಸಿಕೊಂಡರೆ ಸಾಕು.

ಅದಿರನ್ನು ಪುಡಿ ಮಾಡಿ ಪಾದರಸ, ಉಪ್ಪು ಸೇರಿಸಿ ತುಳಿಯುತ್ತಿದ್ದರು. ಬೆಳ್ಳಿ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಕಾಯಿಸಿದರೆ ಪಾದರಸ ಆವಿಯಾಗಿ ಹೋಗುತ್ತದೆ, ಬೆಳ್ಳಿ ಉಳಿಯುತ್ತದೆ. ಆವಿ ಎಲ್ಲಿಗೆ ಹೋಗುತ್ತದೆ? ಹತ್ತಿರ ನಿಂತವನ ಎದೆಗೆ. ಆ ಪಾದರಸ ಬರುತ್ತಿದ್ದದ್ದು ಪೆರುವಿನ ಉವಾಂಕವೆಲಿಕಾ ಗಣಿಯಿಂದ. ಅದನ್ನು ಸಾವಿನ ಗಣಿ ಅಂತಲೇ ಕರೆಯುತ್ತಿದ್ದರು. ನಿಮ್ಮ ಗುವಾಮನ್ ಪೋಮಾ ಆ ಗಣಿ ವಿರುದ್ಧವೂ ಬರೆದಿದ್ದಾನೆ. ಗಣಿ ಪಾಳಿಯ ಕಾನೂನು ರದ್ದಾಗಿದ್ದು 1812ರಲ್ಲಿ. ಲೆಕ್ಕ ಹಾಕಿಕೊಳ್ಳಿ.

ಸಿರುಗುಪ್ಪ ಟೀಚರಮ್ಮ:

ಮೇಷ್ಟ್ರು ಜಾಲತಾಣ ಹೇಳಿದ ಮೇಲೆ ನಿನ್ನೆ ರಾತ್ರಿ ಹನ್ನೆರಡರ ತನಕ ಅದನ್ನೇ ನೋಡಿದೆ. ಒಂದು ಪುಟದಲ್ಲಿ ಪಾದ್ರಿಯೊಬ್ಬ ಮಗ್ಗದ ಮುಂದೆ ಕೂತ ಹೆಂಗಸಿಗೆ ಹೊಡೆಯುತ್ತಿದ್ದಾನೆ. ಬಟ್ಟೆ ನೇಯ್ದುಕೊಡು ಅಂತ ಬಲವಂತ. ಬೈಗುಳಕ್ಕಿಂತ ಆ ಚಿತ್ರ ಜಾಸ್ತಿ ಹೇಳುತ್ತದೆ.

ಬರೀ ಗೋಳಲ್ಲ ಮತ್ತೆ. ಹನ್ನೆರಡು ತಿಂಗಳ ಬೇಸಾಯದ ಚಿತ್ರಗಳೂ ಇವೆ. ಆಗಸ್ಟ್ ತಿಂಗಳಲ್ಲಿ ಗಂಡಸರು ಸಾಲಾಗಿ ನಿಂತು ಕಾಲಲ್ಲಿ ಒತ್ತುವ ನೇಗಿಲಿನಿಂದ ನೆಲ ಬಗೆಯುತ್ತಿದ್ದಾರೆ. ಎತ್ತು ಇಲ್ಲ, ಆ ಸೀಮೆಯಲ್ಲಿ ಎತ್ತು ಬಂದಿದ್ದೇ ಸ್ಪೇನಿನವರ ಜೊತೆ. ಇವತ್ತು ಏಳನೇ ತರಗತಿಗೆ ತೋರಿಸಿದೆ. ಒಬ್ಬ ಹುಡುಗ "ಟೀಚರ್, ಇವರು ಏನು ಬಿತ್ತುತ್ತಾರೆ?" ಅಂದ. ಮೆಕ್ಕೆಜೋಳ, ಆಲೂಗಡ್ಡೆ ಅಂದೆ. ಮೆಣಸಿನಕಾಯಿ ಕೂಡ ಆ ಕಡೆಯಿಂದಲೇ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂದದ್ದು ಅಂದಾಗ ಇಡೀ ಕ್ಲಾಸ್ ನಂಬಲಿಲ್ಲ. ಮನೆ ಮುಂದೆ ಮೆಣಸಿನಕಾಯಿ ಕಣ ಇರುವ ಮಕ್ಕಳು, ಹೇಗೆ ನಂಬುತ್ತಾರೆ?

ಕೊಪ್ಪಳದ ಅರ್ಜಿಕಾರ:

ಎಲ್ಲರಿಗೂ ದೊಡ್ಡ ನಮಸ್ಕಾರ. ಹಟ್ಟಿ ಅಣ್ಣಾರೇ, ನಿಮ್ಮ ಮೇಣದಬತ್ತಿ ಓದಿ ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ.

ಆದರೆ ನನ್ನ ಬೆಕ್ಕಿನ ಪ್ರಶ್ನೆ ಹಾಗೇ ಉಳಿಯಿತು. ಯಾಕೆ ಅದನ್ನೇ ಹಿಡಿದಿದ್ದೇನೆ ಅಂತ ಹೇಳಿಬಿಡುತ್ತೇನೆ. 2003ರ ಸುಮಾರು. ಸಂತೆ ದಿನ, ಟೇಬಲ್ ಸುತ್ತ ಹತ್ತು ಜನ. ಅಣ್ಣ ತಮ್ಮ ಇಬ್ಬರು ಬಂದರು. ಅಣ್ಣ ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಜಮೀನಿನ ಒಪ್ಪಿಗೆ ಪತ್ರ. ತಮ್ಮ ಒಂದೂ ಮಾತಾಡಲಿಲ್ಲ. ನಾನು ಓದಿ ಹೇಳಲಿಲ್ಲ, ಅವಸರ. ಇಂಕ್ ಪ್ಯಾಡ್ ಮುಂದಿಟ್ಟೆ, ಅವನು ಹೆಬ್ಬೆಟ್ಟು ಒತ್ತಿದ, ಬೆರಳನ್ನು ನನ್ನ ಟೇಬಲ್ ಕಾಲಿಗೇ ಒರೆಸಿದ. ನಾಲ್ಕು ವರ್ಷ ಬಿಟ್ಟು ಒಬ್ಬನೇ ಬಂದು ನಿಂತು ಕೇಳಿದ, "ಅವತ್ತು ಏನ್ ಬರ್ದಿದ್ರಿ ಸರ?" ಅಷ್ಟರಲ್ಲಿ ಅವನ ಪಾಲು ಹೋಗಿತ್ತು. ನಾನು ಒಂದು ಅಕ್ಷರವನ್ನೂ ಸುಳ್ಳು ಬರೆದಿರಲಿಲ್ಲ. ಹೇಳಿದ್ದನ್ನು ಬರೆದಿದ್ದೆ. ಆವತ್ತಿನಿಂದ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡಿಲ್ಲ.

ಅದಕ್ಕೇ ಕೇಳಿದ್ದು. ಆ ದೇಶದ ಬೆಕ್ಕು ಏನು ಮಾಡುತ್ತಿತ್ತು?

ಬಳ್ಳಾರಿ ಮೇಷ್ಟ್ರು:

ಅರ್ಜಿಕಾರರೇ, ಆ ಚಿತ್ರದ ಬೆಕ್ಕು ನೀವಲ್ಲ ಬಿಡಿ. ಅವನು ಎಸ್ಕ್ರಿಬಾನೊ, ಸರ್ಕಾರಿ ಬರಹಗಾರ. ಅವನ ರುಜು ಇಲ್ಲದೆ ಕ್ರಯಪತ್ರ ಇಲ್ಲ, ಮರಣಪತ್ರ ಇಲ್ಲ, ಸಾಕ್ಷಿ ಇಲ್ಲ. 1559ರಿಂದ ಸ್ಪೇನ್ ರಾಜ ಅಮೆರಿಕದಲ್ಲಿ ಈ ಹುದ್ದೆಗಳನ್ನು ಹಣಕ್ಕೆ ಮಾರುತ್ತಿದ್ದ. ದುಡ್ಡು ಸುರಿದು ಹುದ್ದೆ ಹಿಡಿದವನು ಅದನ್ನು ಎಲ್ಲಿಂದ ವಸೂಲಿ ಮಾಡುತ್ತಾನೆ? ಫೀಸು ಹಾಳೆ ಲೆಕ್ಕದಲ್ಲಿ. ಅಕ್ಷರ ದಪ್ಪ ಮಾಡಿ ಹಾಳೆ ಜಾಸ್ತಿ ತೋರಿಸುತ್ತಾರೆ ಅಂತ, ಪುಟಕ್ಕೆ ಇಷ್ಟು ಸಾಲು, ಸಾಲಿಗೆ ಇಷ್ಟು ಪದ ಇರಲೇಬೇಕು ಅಂತ ನಿಯಮ ಮಾಡಬೇಕಾಯಿತು. 1630ರ ದಶಕದಲ್ಲಿ ಛಾಪಾ ಕಾಗದವೂ ಶುರುವಾಯಿತು. ನಿಮ್ಮ ಸ್ಟಾಂಪ್ ಪೇಪರಿನ ದೊಡ್ಡಪ್ಪ ಅನ್ನಿ.

ನಿಮ್ಮ 2003ರ ಕಥೆ ಇದೆಯಲ್ಲ, ಅದು ಅಲ್ಲಿ ದಿನವೂ ನಡೆಯುತ್ತಿತ್ತು. ರೈತ ಕೆಚುವಾದಲ್ಲಿ ಹೇಳುತ್ತಾನೆ. ದುಭಾಷಿ ಅದನ್ನು ಸ್ಪ್ಯಾನಿಷ್ ಮಾಡುತ್ತಾನೆ. ಬರಹಗಾರ ಅದನ್ನು ಕೋರ್ಟಿನ ಭಾಷೆಗೆ ಬಗ್ಗಿಸುತ್ತಾನೆ. ಕೊನೆಗೆ "ರುಜು ಹಾಕಲು ಬರುವುದಿಲ್ಲ ಅಂದ" ಅಂತ ಒಂದು ಸಾಲು, ಬೇರೆ ಯಾರೋ ರುಜು. ಗುವಾಮನ್ ಪೋಮಾ ಸ್ವತಃ ದುಭಾಷಿ ಕೆಲಸ ಮಾಡಿದವನು. ಆ ದಾರಿಯಲ್ಲಿ ಏನು ಸೋರಿ ಹೋಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಜನ ಸುಮ್ಮನೆ ಕೂರಲಿಲ್ಲ. ನನಗೆ ಇದೇ ದೊಡ್ಡ ವಿಷಯ. ಹೌಹಾ ಕಣಿವೆಯ ಉವಾಂಕಾ ಜನ ಪಿಸಾರೊ ಬಂದಾಗ ಇಂಕಾಗಳ ಮೇಲಿನ ಸಿಟ್ಟಿಗೆ ಸ್ಪೇನಿನವರ ಪಕ್ಷ ಹಿಡಿದರು. ಮುಷ್ಟಿ ಜನ ಅಷ್ಟು ದೊಡ್ಡ ರಾಜ್ಯ ಹೇಗೆ ಗೆದ್ದರು ಅಂತ ಎಲ್ಲರೂ ಕೇಳುತ್ತಾರಲ್ಲ, ಕಾಹಾಮಾರ್ಕಾದಲ್ಲಿ ಇದ್ದದ್ದು 168 ಜನ, ಉತ್ತರದಲ್ಲಿ ಅರ್ಧ ಇಲ್ಲಿದೆ. ಉಳಿದರ್ಧ ಇಂಕಾ ಗದ್ದುಗೆಗಾಗಿ ಅಣ್ಣತಮ್ಮಂದಿರು ಮಾಡಿದ ಯುದ್ಧ, ಮತ್ತೆ ಸಿಡುಬು. ಆ ಉವಾಂಕಾ ಮುಖ್ಯಸ್ಥರು ಏನು ಮಾಡಿದರು ಅಂದರೆ, ಸ್ಪೇನಿನವರಿಗೆ ಕೊಟ್ಟ ಪ್ರತಿಯೊಂದನ್ನೂ ದಾರದ ಗಂಟಿನಲ್ಲಿ ಲೆಕ್ಕ ಇಟ್ಟರು. ಕಿಪು ಅಂತಾರೆ ಅದಕ್ಕೆ, ಬಣ್ಣ ಬಣ್ಣದ ದಾರ, ಗಂಟಿನ ಜಾಗ ನೋಡಿ ಒಂದು, ಹತ್ತು, ನೂರು. ಎಷ್ಟು ಲಾಮಾ, ಎಷ್ಟು ಮೆಕ್ಕೆಜೋಳ, ಎಷ್ಟು ಜೊತೆ ಚಪ್ಪಲಿ, ಎಲ್ಲ. 1558ರಲ್ಲಿ ಒಮ್ಮೆ, 1561ರಲ್ಲಿ ಇನ್ನೊಮ್ಮೆ ಲಿಮಾದ ಹೈಕೋರ್ಟಿನಲ್ಲಿ ಆ ಲೆಕ್ಕ ಓದಿಸಿ ಬರೆಸಿದರು. ಕೋರ್ಟು ಗಂಟನ್ನು ಸಾಕ್ಷಿ ಅಂತ ಒಪ್ಪಿಕೊಂಡಿತು. ನಿಮ್ಮ ಚಾಚಾ ಇದ್ದಿದ್ದರೆ ಭೇಷ್ ಅನ್ನುತ್ತಿದ್ದರು. ಅಳು ಇಲ್ಲ, ಬೈಗುಳ ಇಲ್ಲ, ಬರೀ ಲೆಕ್ಕ.

ಮೆಕ್ಸಿಕೊದಲ್ಲಿ 1592ರ ಹೊತ್ತಿಗೆ ಸ್ಥಳೀಯ ಜನರಿಗೆ ಅಂತಲೇ ಬೇರೆ ನ್ಯಾಯಾಲಯ ಆಯಿತು. ಕಂದಾಯ ಕಟ್ಟುವ ಪ್ರತಿಯೊಬ್ಬ ವರ್ಷಕ್ಕೆ ಅರ್ಧ ರಿಯಲ್ (ಆಗಿನ ಸ್ಪೇನಿನ ಬೆಳ್ಳಿ ನಾಣ್ಯ) ಕೊಡಬೇಕು, ಅದರಿಂದ ವಕೀಲರಿಗೆ, ಬರಹಗಾರರಿಗೆ ಸಂಬಳ. ಕಕ್ಷಿದಾರರ ಹತ್ತಿರ ಬೇರೆ ಫೀಸು ಕೇಳಬಾರದು. ಆದರೆ ಇದೇ ಸಾಮ್ರಾಜ್ಯದಲ್ಲಿ ಒಂದು ಗಾದೆಯಂಥ ಮಾತಿತ್ತು: "ತಲೆಬಾಗುತ್ತೇನೆ, ಆದರೆ ಜಾರಿ ಮಾಡುವುದಿಲ್ಲ." ರಾಜನ ಆದೇಶ ಬಂದರೆ ಅಧಿಕಾರಿ ಅದಕ್ಕೆ ಮುತ್ತಿಟ್ಟು ತಲೆ ಮೇಲೆ ಇಟ್ಟುಕೊಂಡು ಹೀಗೆ ಹೇಳಿ ಪಕ್ಕಕ್ಕಿಡಬಹುದಿತ್ತು. ನಿಮ್ಮ ಕಡೆ ತಲೆ ಮೇಲೆ ಇಟ್ಟುಕೊಳ್ಳುವ ಶಾಸ್ತ್ರ ಇಲ್ಲ ಅನ್ಸುತ್ತೆ.

ಇನ್ನೊಂದು. ಇಲಿಯನ್ನು ಸರಿಯಾಗಿ ನೋಡಿ. ಊರ ಮುಖ್ಯಸ್ಥ ಅದು. ಗುವಾಮನ್ ಪೋಮಾ ತಾನೂ ಮುಖ್ಯಸ್ಥರ ವಂಶ ಅಂತ ಜೀವನಪೂರ್ತಿ ಹೇಳಿಕೊಂಡವನು. ನಾವು ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತೀವಿ. ಅವನ ಚಿತ್ರದಲ್ಲಿ ಬೆಕ್ಕೂ ಇಲಿಯೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿವೆ. ಹಾಗಂತ ಅವನನ್ನು ಸಂತ ಮಾಡಬೇಡಿ. ಸ್ಪೇನಿನವರಿಗೂ ಸ್ಥಳೀಯರಿಗೂ ಹುಟ್ಟಿದ ಬೆರಕೆ ಮಕ್ಕಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಕೆಳಗಿನಿಂದ ಮೇಲೆ ಬಂದವರನ್ನು ಕಂಡರೆ ಇನ್ನೂ ಆಗುತ್ತಿರಲಿಲ್ಲ.

ಗಂಗಾವತಿ ಸೋನಾಮಸೂರಿ:

ಮೇಷ್ಟ್ರೇ, ಆತ ಕೊನೆಗೆ ಏನಾದ?

ಬಳ್ಳಾರಿ ಮೇಷ್ಟ್ರು:

ಕೊನೆಯ ಭಾಗದಲ್ಲಿ ತನ್ನದೇ ಚಿತ್ರ ಬರೆದುಕೊಂಡಿದ್ದಾನೆ. ತನಗೆ 80 ವರ್ಷ ಅಂತ ಹೇಳಿಕೊಳ್ಳುತ್ತಾನೆ. ಊರಿಗೆ ವಾಪಸ್ ಬಂದರೆ ಅವನ ಮನೆ, ಹೊಲ ಬೇರೆಯವರ ಪಾಲಾಗಿವೆ. ಅರ್ಜಿ ಹೊತ್ತುಕೊಂಡು ಬೆಟ್ಟ ದಾಟಿ ಲಿಮಾ ಕಡೆ ನಡೆದ. ಜೊತೆಗೆ ಮಗ, ಒಂದು ಕುದುರೆ, ಎರಡು ನಾಯಿ.

ಕೊಪ್ಪಳದ ಅರ್ಜಿಕಾರ:

ಮೇಷ್ಟ್ರೇ, ಗಂಟಿನ ಲೆಕ್ಕ ಓದಿದ ಮರುದಿನವೇ ಹೀಗಾಯಿತು, ಕೇಳಿ.

ಒಬ್ಬ ಅವ್ವ ಬಂದಳು. ಗಂಡ ಸತ್ತು ಎರಡು ವರ್ಷ, ಪಹಣಿಯಲ್ಲಿ ಇನ್ನೂ ಅವನ ಹೆಸರೇ ಇದೆ. "ಎಷ್ಟು ಸಲ ಬಂದೀ ಬೇ?" ಅಂದೆ. ಅವಳು ಸೆರಗು ಬಿಚ್ಚಿ ತೋರಿಸಿದಳು. ಅಂಚಿನಲ್ಲಿ ಸಣ್ಣ ಸಣ್ಣ ಗಂಟು. ಬಂದು ಹೋದಾಗೆಲ್ಲ ಒಂದೊಂದು. ಎಣಿಸಿದರೆ ಏಳು. ಇಂಥದ್ದು ನಾನು ಮೊದಲೂ ನೋಡಿದ್ದೆ, ಆದರೆ ಯಾವತ್ತೂ ಎಣಿಸಿರಲಿಲ್ಲ. ಅರ್ಜಿಯಲ್ಲಿ "ಅರ್ಜಿದಾರರು ಇದುವರೆಗೆ ಏಳು ಬಾರಿ ಖುದ್ದಾಗಿ ಹಾಜರಾಗಿರುತ್ತಾರೆ" ಅಂತ ಬರೆದೆ. ಪೂರ್ತಿ ಓದಿ ಹೇಳಿದೆ. ಗಂಡನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು, ಅವಳೇ ಹಿಡಿದಳು.

ಮಗಳು ಕಳಿಸಿದ ಚಿತ್ರವನ್ನು ಜೆರಾಕ್ಸ್ ಮಾಡಿಸಿ ಟೇಬಲ್ ಗಾಜಿನ ಕೆಳಗೆ ಇಟ್ಟಿದ್ದೇನೆ. ಹೆಬ್ಬೆಟ್ಟು ಒತ್ತುವಾಗ ಅವಳ ಕಣ್ಣು ಅದರ ಮೇಲೆ ಬಿತ್ತು.

"ಈ ಬೆಕ್ಕು ಯಾಕ ಕುಂತೈತಿ ಇಲ್ಲಿ?"

"ಅದು ನಾನು ಬೇ. ಅರ್ಜಿ ಬರೆಯೋನು."

ಅವಳು ಒಂದು ಕ್ಷಣ ಚಿತ್ರ ನೋಡಿದಳು, ನನ್ನ ಮುಖ ನೋಡಿದಳು. ಚೀಲದಿಂದ ತೆಗೆದಿದ್ದ ಐವತ್ತರ ನೋಟನ್ನು ಮತ್ತೆ ಒಳಗೆ ಹಾಕಿ, ಹತ್ತರ ಮೂರು ನೋಟು ಎಣಿಸಿ ಗಾಜಿನ ಮೇಲೆ ಇಟ್ಟಳು.

"ಹಂಗಾದ್ರ ಮೂವತ್ತ ತಗೋ ತಮ್ಮಾ. ಬೆಕ್ಕಿಗೆ ಐವತ್ತು ಯಾಕ?"